ಬಾಯಿಗೆ ಹಲ್ವ ಹಾಕಿಕೊಂಡು ನೋಡಿದ ಬೇಸ್‌ಬಾಲ್

ನಾನು ಫೋನಿನಲ್ಲಿ ಮಾತಾಡಲು ಶುರುಮಾಡಿದರೆ ಪಕ್ಕದ ಫ್ಲ್ಯಾಟಿನ ಈಜಿಪ್ಟಿನವರು ಟಿವಿಯ ಸದ್ದು ಏರಿಸುತ್ತಾರೆ. ಇದು ನನ್ನ ಊಹೆಯಲ್ಲ, ಲಿಫ್ಟಿನಲ್ಲಿ ಸಿಕ್ಕಾಗ ಅವರೇ ನಗುತ್ತಾ ಹೇಳಿದ್ದು. ನನ್ನ ಫೋನು ರಿಂಗಾದರೆ ಸಾಕು, ಹೆಂಡತಿ ಐರಿನ್ ಮಾತಿಲ್ಲದೆ ಬಾಲ್ಕನಿಯ ಬಾಗಿಲು ತೋರಿಸುತ್ತಾಳೆ. ಹೋದ ವಾರ ಊರಿನಿಂದ ಅಕ್ಕ ಫೋನ್ ಮಾಡಿದ್ದಳು. ಹಾಗೆ ಬಾಲ್ಕನಿಯಲ್ಲಿ ನಿಂತು ಮಾತಾಡುತ್ತಿದ್ದಾಗ ಕೆಳಗೆ ಕಾರು ತೊಳೆಯುತ್ತಿದ್ದ ಬಂಗಾಳಿ ಮಹನೀಯರು ಕತ್ತೆತ್ತಿ, "ಕ್ಯಾ ಹುವಾ ಸಾಬ್?" ಎಂದು ಗಾಬರಿಯಿಂದ ಕೇಳಿದರು. ಏನೂ ಆಗಿರಲಿಲ್ಲ. ಅಕ್ಕ ಬಂಗುಡೆ ಮೀನಿನ ಪುಳಿಮುಂಚಿ ಮಾಡಿದ್ದಳು, ನಾನು ಅದಕ್ಕೆ ಸಂತೋಷ ವ್ಯಕ್ತಪಡಿಸುತ್ತಿದ್ದೆ ಅಷ್ಟೇ.

ಈ ಸ್ವರಕ್ಕೆ ಮಸ್ಕತ್ತೂ ಸ್ವಲ್ಪ ಕಾರಣ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಊರಿಗೆ ಮಾತಾಡಬೇಕೆಂದರೆ ರೂವಿಯ ಬಸ್ ಸ್ಟ್ಯಾಂಡಿನ ಹತ್ತಿರದ ಫೋನ್ ಬೂತಿನಲ್ಲಿ ಕಾರ್ಡು ತೂರಿಸಿ ನಿಲ್ಲಬೇಕಿತ್ತು. ಆ ಕಡೆಯವರಿಗೆ ಕೇಳಿಸುತ್ತದೋ ಇಲ್ಲವೋ ಎಂಬ ಅನುಮಾನದಲ್ಲೇ ಕಾರ್ಡು ಮುಗಿಯುತ್ತಿತ್ತು. ಹಾಗಾಗಿ ನಾವೆಲ್ಲ ಕೂಗುತ್ತಿದ್ದೆವು. ಸಾಲಿನಲ್ಲಿ ನಿಂತ ಮಲಯಾಳಿಗಳು, ಪಾಕಿಸ್ತಾನಿಗಳು, ನಮ್ಮ ಕರಾವಳಿಯವರು, ಎಲ್ಲರಿಗೂ ಎಲ್ಲರ ಮನೆಯ ಸಂಗತಿ ಗೊತ್ತಿರುತ್ತಿತ್ತು. ನನ್ನ ಮದುವೆ ನಿಶ್ಚಯವಾದ ಸುದ್ದಿಗೆ ಮೊದಲು ಕೈಕುಲುಕಿದ್ದು ನನ್ನ ಹಿಂದೆ ಸಾಲಿನಲ್ಲಿದ್ದ ಪೇಶಾವರದ ಒಬ್ಬ ಡ್ರೈವರು.

ಆದರೆ ಎಲ್ಲ ದೂರನ್ನೂ ಮಸ್ಕತ್ತಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ನನ್ನ ಬಾಯಿ ಹುಟ್ಟಿನಿಂದಲೇ ದೊಡ್ಡದು. ನಮ್ಮ ಮನೆ ಇದ್ದದ್ದು ನೇತ್ರಾವತಿಯ ಈ ದಡದಲ್ಲಿ, ಶಾಲೆ ಆಚೆ ದಡದಲ್ಲಿ. ದೋಣಿಯ ಐತಪ್ಪಣ್ಣ ಬೆಳಗ್ಗೆ ಆಚೆ ದಡದಲ್ಲೇ ದೋಣಿ ಕಟ್ಟಿ ಬೀಡಿ ಸೇದುತ್ತಾ ಕೂತಿರುತ್ತಿದ್ದರು. ಬೇರೆ ಮಕ್ಕಳು ಕೂಗಿದರೆ ಅವರು ಅಲುಗಾಡುತ್ತಿರಲಿಲ್ಲ. ನಾನು ಒಮ್ಮೆ ಕೂಗಿದರೆ ಬೀಡಿ ಬಿಸಾಡಿ ಹುಟ್ಟು ಹಿಡಿಯುತ್ತಿದ್ದರು. ಇದರಿಂದ ನನಗೆ ಮಕ್ಕಳಲ್ಲಿ ಭಾರೀ ಗೌರವವಿತ್ತು. ಇಗರ್ಜಿಯ ಹಾಡಿನ ಗುಂಪಿನಲ್ಲಿ ಮಾತ್ರ ಈ ಗೌರವ ಸಿಗಲಿಲ್ಲ. ಹಾಡು ಕಲಿಸುವ ಮಾಸ್ಟ್ರು ಮೊದಲು ನನ್ನನ್ನು ಹಿಂದಿನ ಸಾಲಿಗೆ ಹಾಕಿದರು, ಆಮೇಲೆ ಕಂಬದ ಮರೆಗೆ ನಿಲ್ಲಿಸಿದರು, ಕೊನೆಗೆ ಕ್ರಿಸ್ಮಸ್ಸಿನ ಹಿಂದಿನ ದಿನ ಪ್ರೀತಿಯಿಂದ ಹೆಗಲ ಮೇಲೆ ಕೈಯಿಟ್ಟು, "ಲ್ಯಾನ್ಸೀ, ನೀನು ಬಾಯಿ ಮಾತ್ರ ಆಡಿಸು ಮಗಾ" ಎಂದರು.

ನನ್ನ ಸ್ವರಕ್ಕೆ ನಿಜವಾದ ಬೆಲೆ ಬಂದದ್ದು ಅಂಡರ್‌ಆರ್ಮ್ ಕ್ರಿಕೆಟಿನಲ್ಲಿ. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಕೊಯ್ಲಾದ ಗದ್ದೆ, ಟೆನ್ನಿಸ್ ಚೆಂಡು, ಕೈಯನ್ನು ಕೆಳಗಿನಿಂದ ಬೀಸಿ ನೆಲಕ್ಕೆ ತಾಗಿಸಿಯೇ ಎಸೆಯಬೇಕು. ನಾನು ಬ್ಯಾಟು ಮಾಡುವುದಕ್ಕೆ ಅಷ್ಟಕ್ಕಷ್ಟೆ. ಆದರೆ ಇನ್ನೊಂದು ತುದಿಯಲ್ಲಿ ನಿಂತು "ಯೆಸ್", "ನೋ" ಎಂದು ಕೂಗಿ ಓಡಿಸುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ನನ್ನ "ನೋ" ಕೇಳಿದರೆ ಬ್ಯಾಟುಗಾರ ಎತ್ತಿದ ಕಾಲನ್ನು ಹಾಗೇ ಇಳಿಸುತ್ತಿದ್ದ. ಒಮ್ಮೆ ನೆರೆಯೂರಿನ ತಂಡ ಬ್ಯಾಟು ಮಾಡುವಾಗ ನಾನು ಫೀಲ್ಡಿಂಗಿನಲ್ಲಿ ನಿಂತು ಸುಮ್ಮನೆ ಒಂದು "ನೋ" ಕೂಗಿದೆ. ಅವರ ಬ್ಯಾಟುಗಾರ ಅರ್ಧ ದಾರಿಯಲ್ಲಿ ನಿಂತುಬಿಟ್ಟ, ಔಟಾದ. ದೊಡ್ಡ ಜಗಳವೇ ಆಯಿತು. ಹಾಗೆ ನಿಂತು ಔಟಾದವನ ಹೆಸರು ಇಸ್ಮಾಯಿಲ್.

ಹದಿನಾರು ವರ್ಷ ಕಳೆದ ಮೇಲೆ ಮಸ್ಕತ್ತಿನ ಹಮ್ರಿಯಾದ ಒಂದು ಅಂಗಡಿಯಲ್ಲಿ ಪ್ಯಾಂಟಿನ ಜಿಪ್ಪು ಕೇಳಿದೆ. ಬಟನ್ನು, ನೂಲು, ಲೈನಿಂಗ್ ಬಟ್ಟೆಗಳ ನಡುವೆ ಕೂತಿದ್ದ ಅಂಗಡಿಯ ಬ್ಯಾರಿ ತಲೆಯೆತ್ತದೆಯೇ, "ಈ ಸ್ವರ ನನ್ನನ್ನು ಒಮ್ಮೆ ಔಟ್ ಮಾಡಿದ್ದುಂಟು" ಎಂದರು. ಆ ದಿನದಿಂದ ನಾವು ಸ್ನೇಹಿತರು. ಅವನು ನನ್ನನ್ನು ಪೊರ್ಬು ಎನ್ನುತ್ತಾನೆ, ನಾನು ಅವನನ್ನು ಬ್ಯಾರಿ ಎನ್ನುತ್ತೇನೆ; ನಮ್ಮ ಕಡೆ ಪೊರ್ಬು ಎಂದರೆ ಕ್ರೈಸ್ತ, ಬ್ಯಾರಿ ಎಂದರೆ ಮುಸ್ಲಿಂ. ನಮ್ಮ ಮಾತು ತುಳುವಿನಲ್ಲಿ ಶುರುವಾಗಿ, ಸಿಟ್ಟು ಬಂದಾಗ ಕನ್ನಡಕ್ಕೆ ಹೊರಳುತ್ತದೆ. ನಿಮಗಾಗಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಹಾಗೆಂದು ನಾವು ಯಾವಾಗಲೂ ಸಿಟ್ಟಿನಲ್ಲಿರುತ್ತೇವೆಂದು ತಿಳಿಯಬೇಡಿ.

ಇನ್ನು ಬೇಸ್‌ಬಾಲಿಗೆ ಬರುತ್ತೇನೆ. ನನ್ನ ಮಗಳು ರಿಯೋನಾ ಹದಿನಾರರವಳು. ಅವಳಿಗೆ ಆರು ವರ್ಷವಾದಾಗಿನಿಂದ ನಮ್ಮ ಅಲ್ ಅಜೈಬಾದ ಕಟ್ಟಡದ ಪಾರ್ಕಿಂಗಿನಲ್ಲಿ ನಾನೇ ಕ್ರಿಕೆಟ್ ಕಲಿಸಿದೆ. ನಾನು "ಯೆಸ್" ಎಂದರೆ ಓಡಬೇಕು, "ನೋ" ಎಂದರೆ ಕಂಬದಂತೆ ನಿಲ್ಲಬೇಕು. ಎರಡು ವರ್ಷದ ಹಿಂದೆ ಅವಳ ಅಮ್ಮನ ಜೊತೆ ಕೆಲಸ ಮಾಡುವ ಮಾರಿಸೆಲ್ ಎಂಬ ಫಿಲಿಪ್ಪೀನಿನ ನರ್ಸೊಬ್ಬರು ಮಕ್ಕಳಿಗೆ ಬೇಸ್‌ಬಾಲ್ ಹೇಳಿಕೊಡಲು ಶುರುಮಾಡಿದರು. ಮೂರು ಫಿಲಿಪ್ಪೀನಿನ ಮಕ್ಕಳು, ಇಬ್ಬರು ಜಪಾನಿಗಳು, ನಾಲ್ಕು ಓಮಾನಿಗಳು, ಒಬ್ಬಳು ನಮ್ಮವಳು. ಇವಳು ಕ್ರಿಕೆಟ್ ಬಿಟ್ಟಳು. ನನಗೆ ಬೇಸರವಾದದ್ದು ನಿಜ. ಆದರೂ ಕಳೆದ ನವೆಂಬರಿನಲ್ಲಿ ಅವಳ ಮೊದಲ ಪಂದ್ಯ ನೋಡಲು ಟೊಪ್ಪಿ, ನೀರು, ಕಿತ್ತಳೆ ಎಲ್ಲ ತೆಗೆದುಕೊಂಡು ಉತ್ಸಾಹದಿಂದಲೇ ಹೋದೆ.

ಬೇಸ್‌ಬಾಲಿನಲ್ಲಿ ಒಂದು ನಿಯಮವುಂಟು. ಚೆಂಡು ಬ್ಯಾಟಿಗೆ ತಾಗಿ ಗೆರೆಯೊಳಗೆ ಬಿದ್ದರೆ ಓಡಲೇಬೇಕು. ನಮ್ಮ ಕ್ರಿಕೆಟಿನ ಹಾಗೆ, ಇದು ಬೇಡ, ಮುಂದಿನ ಚೆಂಡಿಗೆ ನೋಡುವ ಎಂದು ನಿಲ್ಲುವ ಸವಲತ್ತಿಲ್ಲ. ಈ ನಿಯಮ ಆ ದಿನ ನನಗೆ ಗೊತ್ತಿರಲಿಲ್ಲ. ಕೊನೆಯ ಸರದಿ, ಕೊನೆಯ ಆಟಗಾರ್ತಿ ನನ್ನ ಮಗಳು. ಚೆಂಡು ಬ್ಯಾಟಿನ ಅಂಚಿಗೆ ತಾಗಿ ಎಸೆದವನ ಕಡೆಗೇ ಮೆಲ್ಲ ಉರುಳಿತು. ನನಗೆ ಕಂಡದ್ದು ನಮ್ಮೂರಿನ ಗದ್ದೆ. "ನೋ! ನೋ! ನಿಲ್ಲು!" ಎಂದು ಕೂಗಿದೆ. ಅವಳು ಎತ್ತಿದ ಕಾಲು ಇಳಿಸಿ ನಿಂತೇಬಿಟ್ಟಳು. ಎಸೆದ ಹುಡುಗ ನಿಧಾನವಾಗಿ ಬಗ್ಗಿ ಚೆಂಡು ಹೆಕ್ಕಿ, ಅವಳು ಓಡಿ ಮುಟ್ಟಬೇಕಿದ್ದ ಮೊದಲ ಬೇಸಿಗೆ ಎಸೆದ. ಅವಳು ಔಟಾದಳು. ಪಂದ್ಯ ಮುಗಿಯಿತು.

ಮನೆಗೆ ಬಂದು ಕಾರು ನಿಲ್ಲಿಸಿದ ಮೇಲೆ, ಅವಳು ಮುಖ ನೋಡದೆ ಹೇಳಿದಳು, "ಪಪ್ಪಾ, ಪ್ಲೀಸ್. ಇನ್ನು ಬರಬೇಡಿ. ಐ ಹಿಯರ್ ಓನ್ಲಿ ಯೂ."

ಅವಳು ಸಿಟ್ಟು ಮಾಡಿದ್ದರೆ ನಾನೂ ಸಿಟ್ಟು ಮಾಡಿ ಮುಗಿಸುತ್ತಿದ್ದೆ. ಅವಳು ಸಿಟ್ಟು ಮಾಡಲಿಲ್ಲ. ಆಮೇಲೆ ಪರೀಕ್ಷೆ, ಊಟ, ಬೆಕ್ಕು, ಎಲ್ಲದರ ಬಗ್ಗೆ ನನ್ನ ಹತ್ತಿರ ಮಾತಾಡಿದಳು. ಆಟದ ಬಗ್ಗೆ ಮಾತ್ರ ಒಂದು ಶಬ್ದವಿಲ್ಲ. ಅಮ್ಮನ ಹತ್ತಿರ ಹೇಳುತ್ತಿರುವಾಗ ನಾನು ಕೋಣೆಗೆ ಬಂದರೆ ಮಾತು ನಿಲ್ಲುತ್ತಿತ್ತು. ಮಗಳ ಅರ್ಧ ಜೀವ ಇರುವ ಕಡೆ ನನಗೆ ಪ್ರವೇಶವಿಲ್ಲವಾಯಿತು. ಮೂರು ತಿಂಗಳು ಅದೇ ಸಂಕಟದಲ್ಲಿ ಕಳೆದೆ.

ಫೆಬ್ರವರಿಯ ಒಂದು ಶನಿವಾರ ಅವರ ತಂಡಕ್ಕೆ ಸೊಹಾರಿನಲ್ಲಿ ಪಂದ್ಯವಿತ್ತು. ಮಕ್ಕಳು ಶುಕ್ರವಾರವೇ ಬಸ್ಸಿನಲ್ಲಿ ಹೋಗುತ್ತಾರೆಂದು ಐರಿನ್ ಹೇಳಿ ಗೊತ್ತಾಯಿತು. ಅವಳಿಗೆ ಶನಿವಾರ ಡ್ಯೂಟಿ. ಈ ಕತೆಯನ್ನೆಲ್ಲ ನಾನು ಇಸ್ಮಾಯಿಲನ ಅಂಗಡಿಯಲ್ಲಿ ಕೂತು ತೋಡಿಕೊಂಡೆ.

ಅವನು ಒಂದು ಡಬ್ಬಿಯ ಬಟನ್ನುಗಳನ್ನು ಇನ್ನೊಂದಕ್ಕೆ ಸುರಿಯುತ್ತಾ, "ಹೋಗುವ" ಎಂದ.

"ಬರಬೇಡಿ ಅಂತ ಹೇಳಿದ್ದಾಳೆ ಮಾರಾಯ."

"ಅವಳು ಬರಬೇಡ ಹೇಳಿದ್ದು ನಿನ್ನ ಬಾಯಿಗೆ. ಕಣ್ಣಿಗೆ ಎಂತ ಹೇಳ್ಲಿಲ್ಲ ಅಲ್ವಾ? ದೂರದಲ್ಲಿ ಕೂತು ನೋಡಿ ಬರುವ. ನಿನ್ನ ಬಾಯಿಗೆ ನಾನು ಜವಾಬ್ದಾರಿ."

"ಶನಿವಾರ ನಿನ್ನ ಅಂಗಡಿ?"

"ಒಂದು ದಿವಸ ಜಿಪ್ಪು ಸಿಗದಿದ್ರೆ ಮಸ್ಕತ್ತಿನವರು ಸಾಯ್ತಾರಾ? ಖಲಾಸ್, ಹೆಚ್ಚು ಮಾತಾಡ್ಬೇಡ."

ಶನಿವಾರವೆಂದರೆ ಅವನಿಗೆ ದರ್ಜಿಗಳೆಲ್ಲ ಬರುವ ದಿನ. ಹತ್ತೊಂಬತ್ತು ವರ್ಷದಲ್ಲಿ ಅವನು ಶನಿವಾರ ಶಟರ್ ಎಳೆದದ್ದು ನಾನು ನೋಡಿಲ್ಲ, ಅವನ ತಾಯಿ ತೀರಿಕೊಂಡ ವಾರ ಬಿಟ್ಟು. ಇದನ್ನು ಬರೆಯುವಾಗಲೂ ನನ್ನ ಎದೆ ಅವನಿಗಾಗಿ ತುಂಬಿ ಬರುತ್ತದೆ. ಅವನ ಎದುರು ಹೇಳಿದರೆ, "ಎಂತ ನಾಟಕ" ಎನ್ನುತ್ತಾನೆ. ಆದ್ದರಿಂದ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ಶುಕ್ರವಾರ ಬೆಳಗ್ಗೆ ನನ್ನ ಇಗರ್ಜಿಯ ಪೂಜೆ, ಮಧ್ಯಾಹ್ನ ಅವನ ಜುಮ್ಮಾ ಮುಗಿಸಿ ಅವನ ವ್ಯಾನಿನಲ್ಲಿ ಹೊರಟೆವು. ಹೊರಡುವಾಗ ಐರಿನ್, "ಹೋಗಿ ಬನ್ನಿ, ಬಾಯಿ ಇಲ್ಲೇ ಇಟ್ಟು ಹೋಗಿ" ಎಂದಳು. ಬರ್ಕಾ ಬರುತ್ತಿದ್ದಂತೆ ಇಸ್ಮಾಯಿಲ್ ವ್ಯಾನನ್ನು ಹಲ್ವದ ಅಂಗಡಿಯ ಮುಂದೆ ನಿಲ್ಲಿಸಿದ. ಓಮಾನಿ ಹಲ್ವ ನಮ್ಮೂರಿನ ಹಲ್ವದ ಹಾಗೆ ತುಂಡು ಮಾಡುವಂಥದ್ದಲ್ಲ. ಕಂದು ಬಣ್ಣ, ಕೇಸರಿ ಮತ್ತು ಪನ್ನೀರಿನ ಪರಿಮಳ, ಚಮಚದಲ್ಲಿ ಎತ್ತಿದರೆ ಬಿಡದೆ ಬರುತ್ತದೆ, ಬಾಯಿಗೆ ಹಾಕಿದರೆ ಮೇಲಿನ ದವಡೆಗೂ ಕೆಳಗಿನ ದವಡೆಗೂ ಸಂಬಂಧ ಬೆಳೆಸುತ್ತದೆ. ಅವನು ದೊಡ್ಡ ಡಬ್ಬಿಯನ್ನೇ ಕೊಂಡ.

"ಇಷ್ಟು ಯಾರಿಗೆ?" ಎಂದೆ.

"ನಿನಗೆ. ನಾಳೆಗೆ ಮದ್ದು ಇದು."

ಮುಂದೆ ಸುವೈಕ್ ದಾಟಿ ಒಂದು ಚಹಾದಂಗಡಿಯ ಎದುರು ಹಾರ್ನ್ ಹಾಕಿದೆವು. ಇಲ್ಲಿ ವ್ಯಾನಿನಿಂದ ಇಳಿಯುವ ಪದ್ಧತಿಯಿಲ್ಲ. ಹಾರ್ನ್ ಕೇಳಿ ವಡಗರೆಯ ಮಲಯಾಳಿ ಕರಕ್ ಚಹಾ ತಂದು ಕಿಟಕಿಯಲ್ಲಿ ಕೊಟ್ಟರು. ಇಸ್ಮಾಯಿಲ್ ದಾರಿಯುದ್ದಕ್ಕೂ ಬೇಸ್‌ಬಾಲ್ ಬಗ್ಗೆ ಪ್ರಶ್ನೆ ಕೇಳಿದ. ಮೂರು ತಿಂಗಳಿಂದ ಕದ್ದುಮುಚ್ಚಿ ಮೊಬೈಲಿನಲ್ಲಿ ನಿಯಮಗಳನ್ನು ಓದಿದ್ದ ನಾನು ಅಧ್ಯಾಪಕನಂತೆ ಉತ್ತರ ಕೊಟ್ಟೆ. ಚೆಂಡು ನೆಲಕ್ಕೆ ತಾಗದೆ ಬರಬೇಕೆಂದಾಗ ಅವನು ಸ್ಟೇರಿಂಗ್ ಬಿಟ್ಟು ಎರಡೂ ಕೈ ಎತ್ತಿದ. "ಹಾಗಾದ್ರೆ ಎಲ್ಲ ನೋಬಾಲ್ ಅಲ್ವಾ ಮಾರಾಯ! ನಮ್ಮ ಅಂಪೈರು ಇದ್ದಿದ್ರೆ ಕೈ ಇಳಿಸ್ಲಿಕ್ಕೆ ಪುರುಸೊತ್ತೇ ಇರ್ಲಿಲ್ಲ."

ಆ ಸಂಜೆ ಸೊಹಾರಿನಲ್ಲಿ ಅವನ ಭಾವನ ಮನೆಯಲ್ಲಿ ಉಳಿದೆವು. ಕೋರಿರೊಟ್ಟಿ ಮಾಡಿಸಿ ಹಾಕಿದರು. ಆ ಮನೆಯವರ ಋಣವೂ ನನ್ನ ಮೇಲಿದೆ, ಮೂರನೆಯ ಸಲ ಬಡಿಸುವಾಗ ನಾನು ಬೇಡವೆಂದದ್ದು ಬಾಯಿಮಾತಿಗೆ ಎಂದು ಅವರಿಗೆ ಅರ್ಥವಾಗಿತ್ತು.

ಶನಿವಾರ ಬೆಳಗ್ಗೆ ಎಂಟಕ್ಕೆ ಮೈದಾನ. ಮೈದಾನವೆಂದರೆ ಸುತ್ತ ತಂತಿಬೇಲಿ ಇರುವ ಬರೀ ಮಣ್ಣು. ಸುಣ್ಣದಲ್ಲಿ ಗೆರೆ ಎಳೆದಿದ್ದರು. ಬೇಸುಗಳು ಹಳೆಯ ರಬ್ಬರ್ ಮ್ಯಾಟುಗಳು. ಇಸ್ಮಾಯಿಲ್ ವ್ಯಾನನ್ನು ದೂರದ ಮೂಲೆಯ ಬೇಲಿಯ ಹೊರಗೆ ನಿಲ್ಲಿಸಿದ. ಅದರ ಮರೆಯಲ್ಲಿ ಎರಡು ಮಡಚುವ ಕುರ್ಚಿ ಹಾಕಿ, ಮುಂದೆ ಒಂದು ಕಪ್ಪು ಕೊಡೆ ಬಿಡಿಸಿ ಇಟ್ಟೆವು. ಐವತ್ತು ದಾಟಿದ ಇಬ್ಬರು ಗಂಡಸರು ಕೊಡೆಯ ಹಿಂದೆ ತಲೆ ತಗ್ಗಿಸಿ ಕೂತು ಹೆಣ್ಣುಮಗುವಿನ ಆಟವನ್ನು ಕದ್ದು ನೋಡುವುದನ್ನು ಯಾರಾದರೂ ಪೊಲೀಸರು ಕಂಡಿದ್ದರೆ ಎಂಥ ಉತ್ತರ ಕೊಡುತ್ತಿದ್ದೆವೋ ಗೊತ್ತಿಲ್ಲ.

ಆಟ ಶುರುವಾಯಿತು. ರಿಯೋನಾ ದೂರದಲ್ಲಿ ಚರ್ಮದ ಗವಸು ತೊಟ್ಟು ನಿಂತಿದ್ದಳು. ಮೂರು ತಿಂಗಳಲ್ಲಿ ಅವಳ ನಿಲುವೇ ಬದಲಾಗಿತ್ತು. ಮೊಣಕಾಲು ಸ್ವಲ್ಪ ಬಗ್ಗಿಸಿ, ಪ್ರತಿ ಚೆಂಡಿಗೂ ಮುಂದೆ ಒಂದು ಹೆಜ್ಜೆ ಇಡುತ್ತಿದ್ದಳು. ಒಂದು ಚೆಂಡು ಅವಳ ಕಡೆ ಎತ್ತರಕ್ಕೆ ಹಾರಿ ಬಂತು. ನನ್ನ ಬಾಯಿ ತೆರೆಯಿತು. ಅಷ್ಟರಲ್ಲಿ ಒಂದು ಚಮಚ ಹಲ್ವ ಒಳಗೆ ಬಿತ್ತು. ಅವಳು ಚೆಂಡು ಹಿಡಿದಳು. ನಾನು "ಉಮ್ಮ್" ಎಂದೆ.

"ಭೇಷ್" ಎಂದ ಇಸ್ಮಾಯಿಲ್. ಅದು ಅವಳಿಗೋ ಹಲ್ವಕ್ಕೋ ಗೊತ್ತಾಗಲಿಲ್ಲ.

ಹೀಗೆ ಆರು ಚಮಚ ಹಲ್ವವಾಯಿತು. ಎರಡನೆಯ ಸರದಿಯಲ್ಲಿ ಗಾಳಿ ಎದ್ದು ಮೈದಾನದ ಧೂಳೆಲ್ಲ ನಮ್ಮ ಕಡೆ ಬಂದು ನಾನು ಮೂರು ಸೀನು ಸೀನಿದೆ. ನನ್ನ ಸೀನೂ ನನ್ನ ಸ್ವರದ ಮನೆತನದ್ದೇ. ಬೇಲಿಯ ಮೇಲೆ ಕೂತಿದ್ದ ಕಾಗೆ ಹಾರಿಹೋಯಿತು. ಇಬ್ಬರೂ ಕೊಡೆಯ ಹಿಂದೆ ಉಸಿರು ಬಿಗಿಹಿಡಿದು ಕೂತೆವು. ಆಮೇಲೆ ಇಣುಕಿದಾಗ ಆಟ ಹಾಗೇ ನಡೆದಿತ್ತು, ಯಾರೂ ನಮ್ಮ ಕಡೆ ನೋಡುತ್ತಿರಲಿಲ್ಲ.

ಕೊನೆಯ ಸರದಿಗೆ ಬರುವಾಗ ನಮ್ಮವರು ಒಂದು ರನ್ನು ಹಿಂದಿದ್ದರು. ಇಬ್ಬರು ಔಟಾಗಿದ್ದರು, ಮೂರನೆಯವರು ಔಟಾದರೆ ಆಟ ಮುಗಿಯಿತು. ಮೂರನೆಯ ಬೇಸಿನಲ್ಲಿ ಒಬ್ಬ ಓಮಾನಿ ಹುಡುಗಿ ಮನೆಗೆ, ಅಂದರೆ ಬ್ಯಾಟು ಮಾಡುವ ಜಾಗಕ್ಕೆ, ಓಡಿ ರನ್ನು ಗಳಿಸಲು ಕಾಯುತ್ತಿದ್ದಳು. ಬ್ಯಾಟು ಹಿಡಿದು ಬಂದದ್ದು ರಿಯೋನಾ. ಇವಳು ಮೊದಲ ಬೇಸು ಮುಟ್ಟಿದರೆ ಸಮ, ಮುಟ್ಟದಿದ್ದರೆ ಸೋಲು. ನವೆಂಬರಿನದ್ದೇ ಗಳಿಗೆ ಮತ್ತೆ ಬಂದಂತೆ ಕಂಡಿತು. ಹಲ್ವಕ್ಕೆ ಬಾಯಿ ತೆರೆದೆ.

"ಡಬ್ಬಿ ಖಾಲಿ ಮಾರಾಯ" ಎಂದು ಇಸ್ಮಾಯಿಲ್ ಪಿಸುಗುಟ್ಟಿದ. ಕೊನೆಯ ಚಮಚ ಅವನ ಬಾಯಿಯಲ್ಲೇ ಇತ್ತು.

ಚೆಂಡು ಬಂತು. ಬ್ಯಾಟಿನ ಅಂಚಿಗೆ ತಾಗಿ, ದೇವರಾಣೆಗೂ ಹೇಳುತ್ತೇನೆ, ಅದೇ ರೀತಿ ಮೆಲ್ಲ ಉರುಳಿತು. ಆ ಒಂದು ಕ್ಷಣ ನನ್ನ ಮಗಳು ಅಲುಗಾಡದೆ ನಿಂತದ್ದನ್ನು ನಾನು ಕಂಡೆ. ಗಂಟಲಿನಲ್ಲಿ ನಲವತ್ತು ವರ್ಷದ ಅಭ್ಯಾಸ ಎದ್ದು ನಿಂತಿತು. ಓಡು ಎನ್ನಬೇಕೆಂದು ಗೊತ್ತಿತ್ತು. ಆದರೂ ಅವಳು ಕೇಳಬೇಕಾದದ್ದು ನನ್ನ ಸ್ವರವಲ್ಲ ಎಂದು ಆಗ ಅನಿಸಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ನನ್ನ ಬಾಯಿಗೆ ಜವಾಬ್ದಾರಿ ಹೊತ್ತವನೇ ಕೊಡೆ ಒದ್ದು ಎದ್ದು ನಿಂತು, ಹಲ್ವದ ಬಾಯಲ್ಲೇ, "ಓಡು ಮಗಳೇ! ಓಡು!" ಎಂದು ಸೊಹಾರಿನ ಬಂದರಿಗೂ ಕೇಳುವಂತೆ ಕೂಗಿದ.

ಅವನು ಕೂಗುವ ಮೊದಲೇ ಅವಳು ಬ್ಯಾಟು ಬಿಸಾಡಿ ಓಡಲು ಶುರುಮಾಡಿದ್ದಳು. ತಲೆ ಬಗ್ಗಿಸಿ, ಧೂಳೆಬ್ಬಿಸಿ, ಹಿಂದೆ ಮುಂದೆ ನೋಡದೆ ಓಡಿದಳು. ಅವಳ ಕಾಲೂ ಚೆಂಡೂ ಒಟ್ಟೊಟ್ಟಿಗೇ ಬೇಸಿಗೆ ಬಂದವು. ಅಂಪೈರು ಔಟ್ ಎಂದರು. ಒಂದು ಗೇಣಿನಲ್ಲಿ ಹೋಯಿತು.

ನನಗೆ ಕಣ್ಣಲ್ಲಿ ನೀರು. ಇಸ್ಮಾಯಿಲ್ ಅಂಪೈರನ್ನು ಬ್ಯಾರಿ ಭಾಷೆಯಲ್ಲಿ ವಿಚಾರಿಸಿಕೊಳ್ಳುತ್ತಿದ್ದ. ನಾನು ಕುರ್ಚಿ ಮಡಚುತ್ತಾ, "ಬೇಗ ಹೋಗುವ ಬ್ಯಾರಿ, ನೋಡಿದ್ರೆ ಕಷ್ಟ" ಎಂದೆ. ತಲೆಯೆತ್ತಿದಾಗ ಬೇಲಿಯ ಆಚೆ ರಿಯೋನಾ ನಿಂತಿದ್ದಳು. ಮೊಣಕೈ ತರಚಿತ್ತು, ಮುಖವೆಲ್ಲ ಮಣ್ಣು. ನಾನು ತಪ್ಪಿತಸ್ಥನಂತೆ, "ನಾನು ಎಂತ ಹೇಳ್ಲಿಲ್ಲ ಮಗಾ. ಕೂಗಿದ್ದು ಇವನು" ಎಂದು ಬ್ಯಾರಿಯ ಮೇಲೆ ಹಾಕಿದೆ. ಅಷ್ಟು ಉಪಕಾರ ಮಾಡಿದವನನ್ನು ಒಂದೇ ಮಾತಿಗೆ ಬಿಟ್ಟುಕೊಟ್ಟ ನನ್ನ ಶೌರ್ಯ ನೋಡಿ.

"ಗೊತ್ತುಂಟು. ನೀವು ಬಂದದ್ದು ಸೆಕೆಂಡ್ ಇನ್ನಿಂಗ್ಸಲ್ಲೇ ಗೊತ್ತಾಯ್ತು" ಎಂದಳು. "ಮೂರು ಸೀನು, ಪಪ್ಪಾ. ಎವ್ರಿಬಡಿ ಹರ್ಡ್."

"ಹಾಗಾದ್ರೆ ಅಲ್ಲಿ ಯಾಕೆ ನಿಂತದ್ದು ನೀನು?"

"ನಿಮ್ಮ ನೋ ಬರ್ತದೆ ಅಂತ ಕಾದೆ. ಬಂದ್ರೂ ಓಡ್ಬೇಕು ಅಂತ ಇತ್ತು ನನಗೆ. ಬರ್ಲೇ ಇಲ್ಲ." ಬೇಲಿಯ ತಂತಿಯನ್ನು ಬೆರಳಿಂದ ತಿಕ್ಕಿದಳು. "ಕಾದದ್ದಕ್ಕೇ ಔಟಾದೆ. ಸೋ ದಿಸ್ ಟೈಮ್ ಆಲ್ಸೋ ಯುವರ್ ಫಾಲ್ಟ್" ಎಂದು ನಕ್ಕಳು. ಮೂರು ತಿಂಗಳ ನಂತರ ಆಟದ ಬಗ್ಗೆ ಅವಳು ನನ್ನ ಹತ್ತಿರ ಆಡಿದ ಮೊದಲ ಮಾತುಗಳು ಇವು. ತಪ್ಪು ನನ್ನದೇ ಆದದ್ದಕ್ಕೆ ಅಷ್ಟು ಸಂತೋಷ ಇನ್ನೆಂದೂ ಆಗಿರಲಿಲ್ಲ.

ಅಷ್ಟರಲ್ಲಿ ಕೋಚ್ ಮಾರಿಸೆಲ್ ನೀರಿನ ಬಾಟಲಿ ಹಿಡಿದು ಬಂದರು. ಸಣ್ಣ ಹೆಂಗಸು, ಅದಕ್ಕಿಂತ ಸಣ್ಣ ಸ್ವರ. ಏನೋ ಹೇಳಿದರು, ಬೇಲಿಯ ಈಚೆಗೆ ಕೇಳಿಸಲಿಲ್ಲ. ರಿಯೋನಾ ತರ್ಜುಮೆ ಮಾಡಿದಳು.

"ಪಪ್ಪಾ, ಫಸ್ಟ್ ಬೇಸ್ ಹತ್ತಿರ ನಮ್ಮ ಕಡೆಯವರು ಒಬ್ಬರು ನಿಲ್ಬೇಕು. ಓಡುವವರಿಗೆ ಕೂಗಿ ಹೇಳ್ಲಿಕ್ಕೆ. ದ್ಯಾಟ್ಸ್ ಅ ರಿಯಲ್ ಜಾಬ್. ಈಗ ಮಿಸ್ ನಿಲ್ಲುವುದು, ಅವರ ಸ್ವರ ಯಾರಿಗೂ ಕೇಳುವುದಿಲ್ಲ. ನಾನು ಡಿಸೆಂಬರಲ್ಲೇ ಅವರಿಗೆ ಹೇಳಿದ್ದೆ, ನನ್ನ ಪಪ್ಪನದ್ದು ಕೇಳ್ತದೆ ಅಂತ. ಆದ್ರೆ ಮೊದ್ಲು ನಿಮಗೆ ಸುಮ್ನಿರ್ಲಿಕ್ಕೆ ಆಗ್ತದಾ ಅಂತ ನೋಡ್ಬೇಕಿತ್ತು ನನಗೆ." ನನ್ನ ಮುಖ ನೋಡಿ ಕೇಳಿದಳು, "ಬರ್ತೀರಾ?"

ಡಿಸೆಂಬರಿನಲ್ಲಿ! ನಾನು ಕೋಣೆಗೆ ಬಂದಾಗ ಅವಳ ಮಾತು ನಿಲ್ಲುತ್ತಿದ್ದ ದಿನಗಳು ಅವು.

ಇಸ್ಮಾಯಿಲ್ ಹಿಂದಿನಿಂದ ತಿವಿದ. "ಹೇಳು ಪೊರ್ಬು, ಎಂತ ನೋಡ್ತೀ!"

ಆಯ್ತು ಎನ್ನಲು ಬಾಯಿ ತೆರೆದೆ. ಸ್ವರ ಹೊರಡಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದೆ, ಆಗಲೂ ಇಲ್ಲ. ಕೊನೆಗೆ ಬೇಲಿಯ ತಂತಿ ಹಿಡಿದುಕೊಂಡು ತಲೆಯಾಡಿಸಿದೆ, ಬಹಳ ಹೊತ್ತು ಆಡಿಸುತ್ತಲೇ ಇದ್ದೆ.